9900 ಅಂತ ಬರೆದ ಸೆಲ್ ಬಿಡಿ, 3000 ಅಂತ ಬರೆದದ್ದು ಕೊಳ್ಳಿ

ನಮ್ಮ ಊರಿನ ಕಡೆ ಟಾರ್ಚನ್ನೇ ಬ್ಯಾಟರಿ ಅನ್ನುತ್ತಾರೆ. "ಬ್ಯಾಟ್ರಿ ಎಲ್ಲಿಟ್ಟೆ?" ಅಂದರೆ ಟಾರ್ಚ್ ಎಲ್ಲಿ ಅಂತ ಅರ್ಥ. ಅದರೊಳಗೆ ಹಾಕುವುದು ಸೆಲ್ಲು. ತೋಟದ ಪಂಪಿಗೆ ತ್ರೀ ಫೇಸ್ ಕರೆಂಟು ಬರುವುದೇ ಹೆಚ್ಚಾಗಿ ರಾತ್ರಿ ಹೊತ್ತು, ಹಾಗಾಗಿ ಅಪ್ಪನಿಗೆ ಒಂದು ಒಳ್ಳೆ ಬ್ಯಾಟರಿ ಬೇಕೇ ಬೇಕು. ಎರಡು ವರ್ಷದ ಹಿಂದೆ ಒಂದು ಎಲ್‌ಇಡಿ ಟಾರ್ಚ್ ತೆಗೆದುಕೊಂಡೆ, ಜೊತೆಗೆ ಬೇರೆಯಾಗಿ 18650 ಅನ್ನುವ ಅಳತೆಯ ಎರಡು ರೀಚಾರ್ಜ್ ಸೆಲ್ ಆನ್‌ಲೈನಲ್ಲಿ ತರಿಸಿದೆ. ಮೈಮೇಲೆ ದಪ್ಪ ಅಕ್ಷರದಲ್ಲಿ 9900 ಎಂಎಎಚ್ ಅಂತ ಅಚ್ಚಾಗಿತ್ತು (ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವ ಲೆಕ್ಕ, ಅದೇ ಕೆಪ್ಯಾಸಿಟಿ). ಜೋಡಿಗೆ 249 ರೂಪಾಯಿ. ಡಬ್ಬಿ ಬಿಚ್ಚದೆ ಬೆಂಗಳೂರಿನ ಮನೆಯಲ್ಲೇ ಇಟ್ಟುಕೊಂಡಿದ್ದು, ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟೆ.

ಅಪ್ಪ ಕೈಗೆ ತೆಗೆದುಕೊಂಡವರೇ, "ಎಂಥ ಮಾರಾಯ ಇದು, ಬೆಂಡಿನ ಹಾಗಿದೆ" ಅಂದರು. "ಈಗಿನದ್ದೆಲ್ಲ ಹಗುರ ಅಪ್ಪ" ಅಂದೆ ನಾನು, ಎಲ್ಲ ಗೊತ್ತಿರುವವನ ಹಾಗೆ.

ಅವತ್ತೇ ರಾತ್ರಿ ತೋಟದ ಮಧ್ಯೆ ಟಾರ್ಚ್ ಆರಿತು. ಮಾರನೇ ದಿನ ಅಡುಗೆಮನೆಯಲ್ಲಿ ತಂಗಿ ಕೇಕ್ ಮಾಡಲು ಇಟ್ಟುಕೊಂಡಿದ್ದ ಡಿಜಿಟಲ್ ತಕ್ಕಡಿ ತೆಗೆದು ಸೆಲ್ ಇಟ್ಟು ನೋಡಿದೆ: 29 ಗ್ರಾಂ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದಿಟ್ಟಿದ್ದ ಅದೇ ಅಳತೆಯ ಇನ್ನೊಂದು ಸೆಲ್ ಇಟ್ಟೆ: 45 ಗ್ರಾಂ. ಅಪ್ಪ ಏನೂ ಹೇಳಲಿಲ್ಲ, ಸುಮ್ನೆ ನೋಡಿದರು, ಅಷ್ಟೆ. ಆಮೇಲೆ ಕೆಪ್ಯಾಸಿಟಿ ಅಳೆಯುವ ಚಾರ್ಜರಿಗೆ ಹಾಕಿ ನೋಡಿದರೆ ಒಂದು 780, ಇನ್ನೊಂದು 740. ಬರೆದದ್ದರಲ್ಲಿ ಹನ್ನೆರಡನೇ ಒಂದು ಭಾಗ. ವಾಪಸ್ ಮಾಡುವ ಗಡುವು ಆಗಲೇ ಮುಗಿದಿತ್ತು.

ಅಲ್ಲಿಂದ ಈಚೆಗೆ ಮನೆಗೆ, ನೆಂಟರಿಗೆ, ಆಫೀಸಿನವರಿಗೆ ಅಂತ ಸುಮಾರು ಸೆಲ್ ತರಿಸಿ ಅಳೆದಿದ್ದೇನೆ. ಯಾವುದು ಕೊಳ್ಳಬಹುದು, ಯಾವುದು ಬೇಡ, ಯಾವ ಕೆಲಸಕ್ಕೆ ಯಾವುದು ಅಂತ ಕೇಳುವವರಿಗೆ ಪ್ರತಿ ಸಲ ಫೋನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಆ ನಂಬರಿನ ವಿಷಯ

18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಗುಂಡಗಿದೆ ಅನ್ನುವುದಕ್ಕೆ. ಅಂದರೆ ಹೆಸರಲ್ಲೇ ಡಬ್ಬಿಯ ಅಳತೆ ಇದೆ, ಅದು ಬದಲಾಗುವುದಿಲ್ಲ. ಒಳಗೆ ಇರುವುದು ಒಂದು ಸುರುಳಿ: ತಾಮ್ರದ ತೆಳು ಹಾಳೆ, ಅಲ್ಯೂಮಿನಿಯಂ ಹಾಳೆ, ಎರಡರ ಮೇಲೂ ಮೆತ್ತಿದ ಪುಡಿ, ಮಧ್ಯೆ ಪ್ಲಾಸ್ಟಿಕ್ ಪೊರೆ, ಎಲ್ಲವನ್ನೂ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ತುರುಕಿರುತ್ತಾರೆ. ಚಾರ್ಜು ಹಿಡಿದಿಡುವುದು ಆ ಪುಡಿ, ಆ ಪುಡಿಗೆ ತೂಕ ಇದೆ. ಡಬ್ಬಿ ಇಷ್ಟೇ ಇದ್ದಮೇಲೆ ಪುಡಿಯೂ ಇಷ್ಟೇ, ಅಲ್ವಾ?

ಸೋನಿ ಕಂಪನಿ ಲಿಥಿಯಂ ಅಯಾನ್ ಸೆಲ್ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಆ ಕಾಲದ 18650ರಲ್ಲಿ ಸುಮಾರು 1000 ಎಂಎಎಚ್ ಹಿಡಿಯುತ್ತಿತ್ತು. ಅಲ್ಲಿಂದ 3500 ಮುಟ್ಟಲು ಜಪಾನ್, ಕೊರಿಯಾದ ದೊಡ್ಡ ದೊಡ್ಡ ಕಂಪನಿಗಳಿಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಇವತ್ತಿಗೂ ಸಾಮಾನ್ಯವಾಗಿ ಸಿಗುವ ಒಳ್ಳೆಯ 18650ಗಳ ಮಿತಿ 3500, 3600. ಈಚೆಗೆ ಒಂದೆರಡು ಕಡೆ 4000 ಮುಟ್ಟುವ ಸೆಲ್ ಬಂದಿದೆ, ಆದರೆ ಅದು ಅಪರೂಪ, ಬೆಲೆಯೂ ಜಾಸ್ತಿ. 2008ರಲ್ಲಿ ಬಂದ ಟೆಸ್ಲಾದ ಮೊದಲ ಕಾರಿನಲ್ಲಿ 6831 ಇಂಥ ಸೆಲ್‌ಗಳಿದ್ದವು. 9900 ಎಂಎಎಚ್ ಸೆಲ್ 125 ರೂಪಾಯಿಗೆ ಸಿಗುವ ಹಾಗಿದ್ದರೆ ಮೊದಲು ಸಾಲಿನಲ್ಲಿ ನಿಲ್ಲುವವರು ಕಾರು ಮಾಡುವವರು, ನಾನು ನೀವಲ್ಲ.

ಲೆಕ್ಕ ಬೇಕಾದರೆ ಇಲ್ಲಿದೆ. 3500 ಎಂಎಎಚ್ ಸೆಲ್ಲಿನಲ್ಲಿ ಇರುವುದು ಸುಮಾರು 12.6 ವ್ಯಾಟ್ ಅವರ್ ಶಕ್ತಿ (ಎಂಎಎಚ್ ಅನ್ನು ವೋಲ್ಟೇಜಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ದು), ತೂಕ 48 ಗ್ರಾಂ. ಕಿಲೋಗೆ 260 ವ್ಯಾಟ್ ಅವರ್ ಆಯಿತು. 9900 ನಿಜವೇ ಆಗಿದ್ದರೆ 36 ವ್ಯಾಟ್ ಅವರ್ ಮೀರುತ್ತದೆ, ಅಷ್ಟನ್ನೂ ಮಾಮೂಲಿ ಸೆಲ್ಲಿನ ತೂಕದಲ್ಲಿ ಹಿಡಿಸಬೇಕು ಅಂದರೆ ಕಿಲೋಗೆ 750ರ ಮೇಲೆ. ಅಂಥದ್ದು ಅಂಗಡಿಯಲ್ಲಿ ಮಾರುವ ಯಾವ ಸೆಲ್ಲಿನಲ್ಲೂ ಇಲ್ಲ.

ಹಾಗಾದರೆ ಆ ಸೆಲ್ಲುಗಳ ಒಳಗೆ ಇರುವುದು ಏನು? ಕೆಲವದರಲ್ಲಿ ಪೂರ್ತಿ ಡಬ್ಬಿಯ ಒಳಗೆ ಒಂದು ಚಿಕ್ಕ ಸೆಲ್ ಕೂರಿಸಿ, ಉಳಿದ ಜಾಗಕ್ಕೆ ಮರಳನ್ನೋ ಎಂಥದ್ದೋ ಪುಡಿಯನ್ನೋ ತುಂಬಿರುತ್ತಾರೆ. ಕೆಲವದರಲ್ಲಿ ಫ್ಯಾಕ್ಟರಿಯಲ್ಲಿ ಫೇಲಾದ ಸೆಲ್. ಇನ್ನು ಕೆಲವು ಹಳೆ ಲ್ಯಾಪ್‌ಟಾಪಿನಿಂದ ಕಿತ್ತದ್ದು, ಹೊಸ ಪ್ಲಾಸ್ಟಿಕ್ ಅಂಗಿ ತೊಡಿಸಿ, ಬಿಸಿಗಾಳಿ ಹಾಯಿಸಿ ಕೂರಿಸಿದ್ದು. ಆ ಅಂಗಿಯ ಮೇಲೆ ಯಾವ ನಂಬರನ್ನಾದರೂ ಅಚ್ಚು ಹಾಕಬಹುದು. ಮೊದಲು 4200 ಅಂತ ಇರುತ್ತಿತ್ತು, ಆಮೇಲೆ 6800 ಆಯಿತು, ಈಗ 9900, 12000 ಕೂಡ ನೋಡಿದ್ದೇನೆ. ಶಾಯಿಗೆ ಏನು ಖರ್ಚು?

ಟಾರ್ಚಿಗೆ ಯಾವ ಸೆಲ್

ಆನ್‌ಲೈನಲ್ಲಿ ಹುಡುಕಿದರೆ ಮೂರ್ನಾಲ್ಕು ಬಗೆ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಈ ದೊಡ್ಡ ನಂಬರಿನದ್ದು. ಹೆಸರು ಬೆಂಕಿ, ಮಿಂಚು, ಪವರ್ ಅಂತ ಏನೋ ಇರುತ್ತದೆ, ಮಾಡಿದವರು ಯಾರು ಅಂತ ಎಲ್ಲೂ ಇರುವುದಿಲ್ಲ. ಇದನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ ಅನ್ನುತ್ತೇನೆ, ಯಾಕೆಂದರೆ ಕೆಪ್ಯಾಸಿಟಿ ಕಡಿಮೆ ಅನ್ನುವುದು ಅದರ ಚಿಕ್ಕ ದೋಷ. ಒಳಗೆ ಒತ್ತಡ ಹೆಚ್ಚಾದರೆ ಕರೆಂಟು ಕಡಿಯುವ ವ್ಯವಸ್ಥೆ ಒಳ್ಳೆ ಸೆಲ್ಲಿನಲ್ಲಿ ಇರುತ್ತದೆ, ಇದರಲ್ಲಿ ಇದೆಯೋ ಇಲ್ಲವೋ ದೇವರಿಗೇ ಗೊತ್ತು, ಅದನ್ನು ರಾತ್ರಿಯೆಲ್ಲ ಹಾಸಿಗೆ ಪಕ್ಕ ಚಾರ್ಜಿಗೆ ಹಾಕಿ ಮಲಗುತ್ತೇವೆ.

ಎರಡನೆಯದು ಹೆಸರಾಂತ ಕಂಪನಿಯ ಸೆಲ್, ಮಾಡೆಲ್ ನಂಬರ್ ಸಮೇತ. ಸ್ಯಾಮ್‌ಸಂಗ್ 35ಇ, ಎಲ್‌ಜಿ ಎಂಜೆ1, ಪ್ಯಾನಸಾನಿಕ್ ಎನ್‌ಸಿಆರ್18650ಜಿಎ, ಇವೆಲ್ಲ 3500ರ ಆಸುಪಾಸಿನವು, ಒಂದೇ ಹೊತ್ತಿಗೆ 8ರಿಂದ 10 ಆಂಪಿಯರ್ ಕರೆಂಟು ಕೊಡುತ್ತವೆ. ಸ್ಯಾಮ್‌ಸಂಗ್ 30ಕ್ಯೂ 3000, ಆದರೆ 15 ಆಂಪಿಯರ್ ಕೊಡುತ್ತದೆ. 25ಆರ್ 2500 ಅಷ್ಟೇ, 20 ಆಂಪಿಯರ್ ಕೊಡುತ್ತದೆ. ಇಲ್ಲೇ ಜಾಸ್ತಿ ಜನ ಎಡವುವುದು: ನಂಬರು ಚಿಕ್ಕದಾದರೆ ಸೆಲ್ ಕಳಪೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಡಬ್ಬಿಯಲ್ಲಿ ಜಾಸ್ತಿ ಹೊತ್ತು ಬೇಕೋ ಜಾಸ್ತಿ ಜೋರು ಬೇಕೋ, ಒಂದನ್ನು ಹೆಚ್ಚು ಮಾಡಿದರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಮಾಮೂಲಿ ಟಾರ್ಚು ಎಳೆಯುವುದು ಒಂದೆರಡು ಆಂಪಿಯರ್, ಅದಕ್ಕೆ 35ಇ ಥರದ್ದು ಸರಿ. ಕಣ್ಣು ಕುಕ್ಕುವಷ್ಟು ಬೆಳಕಿನ ಟಾರ್ಚು, ಡ್ರಿಲ್ ಮಷೀನಿನ ಪ್ಯಾಕು, ಇಂಥದ್ದಕ್ಕೆ 30ಕ್ಯೂ ಅಥವಾ 25ಆರ್. ಕಂಪನಿಯ ಹೆಸರಿದ್ದರೆ ಸಾಕು ಅಂತಲೂ ಅಲ್ಲ, ಇವುಗಳಿಗೂ ನಕಲಿ ಬರುತ್ತದೆ. ಆದರೆ ಮಾಡೆಲ್ ನಂಬರ್ ಇದ್ದರೆ ಅದರ ಡೇಟಾಶೀಟ್, ಅಂದರೆ ಕಂಪನಿಯೇ ಕೊಡುವ ವಿವರಪಟ್ಟಿ ಹುಡುಕಿ ತೂಕ, ಕೆಪ್ಯಾಸಿಟಿ ತಾಳೆ ನೋಡಬಹುದು. "ಸ್ಯಾಮ್‌ಸಂಗ್ 6800 ಎಂಎಎಚ್" ಅಂತ ಕಂಡರೆ ತಾಳೆ ನೋಡುವ ಕೆಲಸವೂ ಇಲ್ಲ, ಅಂಥ 18650 ಅವರು ಮಾಡಿಯೇ ಇಲ್ಲ.

ಮೂರನೆಯದು 2000, 2200, 2600 ಅಂತ ಬರೆದಿರುವ, ಅಷ್ಟೇನೂ ಹೆಸರು ಕೇಳದ ಚೀನಾ ಕಂಪನಿಗಳ ಸೆಲ್. ಇದರ ಬಗ್ಗೆ ನನಗೆ ಗೌರವ ಇದೆ. 2000 ಅಂತ ಬರೆದು 1950 ಕೊಡುವವನು 9900 ಅಂತ ಬರೆದು 780 ಕೊಡುವವನಿಗಿಂತ ಸಾವಿರ ಪಾಲು ಮೇಲು, ಬೆಲೆಯಲ್ಲೂ ಎರಡಕ್ಕೂ ಅಂಥ ವ್ಯತ್ಯಾಸ ಇರುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇದನ್ನೇ ತೆಗೆದುಕೊಳ್ಳಿ.

ಇನ್ನು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುವ, ಲ್ಯಾಪ್‌ಟಾಪಿನಿಂದ ತೆಗೆದ ಸೆಲ್. ತೆಗೆದದ್ದು ಅಂತ ಹೇಳಿಯೇ ಮಾರಿದರೆ ಅದು ಮೋಸ ಅಲ್ಲ. ಅಳೆಯುವ ಚಾರ್ಜರ್ ಇರುವ, ಪ್ರಯೋಗ ಮಾಡುವ ಹುಡುಗರಿಗೆ ಸರಿ. ಅಪ್ಪನ ಟಾರ್ಚಿಗೆ ಬೇಡ.

ಒಂದು ಮಾತು: ವಯಸ್ಸಾದವರ ಕೈಗೆ ಕೊಡುವ ಟಾರ್ಚಾದರೆ ಪ್ರೊಟೆಕ್ಟೆಡ್ ಅಂತ ಇರುವ ಸೆಲ್ ತರಿಸಿ. ತಳದಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ, ತೀರಾ ಖಾಲಿಯಾಗುವ ಮೊದಲೇ ಕಡಿಯುತ್ತದೆ. ಅವು ಮೂರ್ನಾಲ್ಕು ಮಿಲಿಮೀಟರ್ ಉದ್ದ ಜಾಸ್ತಿ, ನಿಮ್ಮ ಟಾರ್ಚಿನೊಳಗೆ ಹಿಡಿಯುತ್ತದಾ ಅಂತ ಸ್ಕೇಲ್ ಇಟ್ಟು ನೋಡಿಕೊಳ್ಳಿ. ಬಿಡಿ 18650 ಸೆಲ್‌ಗಳ ಅಪಾಯದ ಬಗ್ಗೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತ್ತು, ಜೇಬಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಹಾಕಿಕೊಂಡರೂ ಶಾರ್ಟ್ ಆಗುತ್ತದೆ.

ಸೋಲಾರ್ ದೀಪದ ಸೆಲ್ ಮಾತ್ರ ಬೇರೆ. ಅದರ ಮೇಲೆ 3.2 ವೋಲ್ಟ್ ಅಂತ ಇದ್ದರೆ ಅದು ಲಿಥಿಯಂ ಐರನ್ ಫಾಸ್ಫೇಟ್, 18650ರಲ್ಲಿ 1500ರಿಂದ 1800 ಅದರ ಮಿತಿ. ಅಲ್ಲಿಗೆ 3.7 ವೋಲ್ಟಿನದ್ದು ಹಾಕಬೇಡಿ, 3.2 ವೋಲ್ಟಿನದ್ದನ್ನು 3.7ರ ಚಾರ್ಜರಿಗೂ ಹಾಕಬೇಡಿ.

ಅಡುಗೆಮನೆ ತಕ್ಕಡಿ

ಪಾರ್ಸೆಲ್ ಬಂದ ಕೂಡಲೇ ತೂಕ ಹಾಕಿ. ಒಳ್ಳೆಯ 18650 ಸಾಮಾನ್ಯವಾಗಿ 44ರಿಂದ 49 ಗ್ರಾಂ. 40ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆಯೇ ಬೇಡ, ವಾಪಸ್ ಹಾಕಿ (3.2 ವೋಲ್ಟಿನದ್ದು ಮಾತ್ರ 40ರ ಆಸುಪಾಸು ಇರುತ್ತದೆ). 21700 ಅನ್ನುವ ದಪ್ಪ ಸೆಲ್ಲು 66ರಿಂದ 72 ಗ್ರಾಂ ತೂಗುತ್ತದೆ, ಅದರಲ್ಲಿ 4000ದಿಂದ 5000 ಎಂಎಎಚ್ ಸಹಜ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಪರಿಚಯದ ಚಿನ್ನದಂಗಡಿಯಲ್ಲಿ ಒಂದು ನಿಮಿಷದ ಕೆಲಸ, ನಗುತ್ತಾರೆ, ನಗಲಿ.

ತೂಕ ಸರಿ ಬಂದರೂ ಸೆಲ್ ಸರಿ ಅಂತಲ್ಲ. ಮರಳು ತುಂಬಿದ್ದು, ಸುಸ್ತಾದ ಲ್ಯಾಪ್‌ಟಾಪ್ ಸೆಲ್ಲು, ಇವು ತೂಕದಲ್ಲಿ ಪಾಸಾಗಬಹುದು. ಅದಕ್ಕೆ ಚಾರ್ಜಿಂಗ್ ಸಮಯ ನೋಡುವುದು. ನನಗೆ ಇಷ್ಟವಾದ ಪರೀಕ್ಷೆ ಇದು, ದುಡ್ಡು ಖರ್ಚಿಲ್ಲ. ಸೆಲ್ ಹಾಕಿದ ಟಾರ್ಚ್ ಮಂಕಾಗುವ ತನಕ ಉರಿಸಿ, ಆಮೇಲೆ ಚಾರ್ಜರಿಗೆ ಹಾಕಿ ಗಡಿಯಾರ ನೋಡಿ. ಚಾರ್ಜರ್ 1 ಆಂಪಿಯರಿನದ್ದಾದರೆ 3000 ಎಂಎಎಚ್ ಸೆಲ್ ತುಂಬಲು ಮೂರು ಗಂಟೆ ದಾಟಬೇಕು. 9900 ಆಗಿದ್ದರೆ ಹತ್ತು ಗಂಟೆ ಬೇಕು. ನನ್ನದು ಐವತ್ತೈದು ನಿಮಿಷಕ್ಕೇ ಹಸಿರು ದೀಪ ತೋರಿಸಿತ್ತು. ಚೊಂಬಿನಷ್ಟು ನೀರಿಗೇ ಕೊಡ ತುಂಬಿತು ಅಂದರೆ ಅದು ಕೊಡ ಅಲ್ಲ, ಅಷ್ಟೇ.

ಮಲ್ಟಿಮೀಟರ್ ಇದ್ದರೆ ಬಂದ ಸೆಲ್ಲಿನ ವೋಲ್ಟೇಜ್ ನೋಡಿ. ಹೊಸ ಲಿಥಿಯಂ ಅಯಾನ್ ಸೆಲ್ 3.5ರಿಂದ 3.7ರ ಸುತ್ತಮುತ್ತ ಇರುತ್ತದೆ. 2.5ಕ್ಕಿಂತ ಕೆಳಗಿದ್ದರೆ ಹೊಸದಲ್ಲ, ಅಥವಾ ಕೆಟ್ಟಿದೆ. ವರ್ಷಕ್ಕೆ ಹತ್ತಾರು ಸೆಲ್ ಕೊಳ್ಳುವವರು ಕೆಪ್ಯಾಸಿಟಿ ಟೆಸ್ಟ್ ಇರುವ ಚಾರ್ಜರ್ ತೆಗೆದುಕೊಳ್ಳಿ, ಪೂರ್ತಿ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ನಂಬರ್ ತೋರಿಸುತ್ತದೆ. ಒಂದು ಸೆಲ್ಲಿಗೆ ಅರ್ಧ ದಿನದ ಮೇಲೆ ಹಿಡಿಯುತ್ತದೆ, ತಾಳ್ಮೆ ಬೇಕು. ಬರೆದದ್ದಕ್ಕಿಂತ ನೂರಿನ್ನೂರು ಕಡಿಮೆ ಬಂದರೆ ಜಗಳ ಆಡಬೇಡಿ, ಕಂಪನಿಯವರು ತೀರಾ ನಿಧಾನವಾಗಿ ಖಾಲಿ ಮಾಡಿ ಅಳೆದಿರುತ್ತಾರೆ.

ಯಾವುದನ್ನೇ ಆಗಲಿ ಕೊಯ್ದು ನೋಡಲು ಹೋಗಬೇಡಿ. ನನಗೂ ಕುತೂಹಲ ಇತ್ತು, ಬಿಟ್ಟೆ. ಶಾರ್ಟಾದರೆ ಕೈಯಲ್ಲೇ ಹತ್ತಿಕೊಳ್ಳುತ್ತದೆ.

ಪೆನ್ಸಿಲ್ ಸೆಲ್ಲು

ರಿಮೋಟಿಗೆ, ಗೋಡೆ ಗಡಿಯಾರಕ್ಕೆ ರೀಚಾರ್ಜ್ ಸೆಲ್ ಬೇಕಾ ಅಂತ ಕೇಳುತ್ತಾರೆ. ಬೇಡ. ವರ್ಷಕ್ಕೊಮ್ಮೆ ಬದಲಾಯಿಸುವ ಜಾಗಕ್ಕೆ ಮಾಮೂಲಿ ಸೆಲ್ಲೇ ಸಾಕು. ಮಕ್ಕಳ ಆಟಿಕೆ, ಕ್ಯಾಮೆರಾದ ಫ್ಲ್ಯಾಶ್, ಬಿಪಿ ಮಷೀನು, ವೈರ್ ಇಲ್ಲದ ಮೈಕು, ಇಂಥದ್ದಕ್ಕೆ ರೀಚಾರ್ಜ್ ತಗೊಳ್ಳಿ.

ಎಎ ಅಳತೆಯ (ಮಾಮೂಲಿ ಪೆನ್ಸಿಲ್ ಸೆಲ್ ಗಾತ್ರದ) ನಿಕಲ್ ಮೆಟಲ್ ಹೈಡ್ರೈಡ್ ಅನ್ನುವ ರೀಚಾರ್ಜ್ ಸೆಲ್ಲಿನಲ್ಲಿ ನಿಜವಾಗಿ ಸಿಗುವುದು 2000ದಿಂದ 2500, ತೀರಾ ಹೆಚ್ಚೆಂದರೆ 2700. ತೂಕ 26ರಿಂದ 30 ಗ್ರಾಂ. 3300, 3800, 4000 ಅಂತ ಬರೆದದ್ದೆಲ್ಲ ಸುಳ್ಳು. ಎಎಎ ಸಣ್ಣ ಸೆಲ್ಲಿನಲ್ಲಿ 750ರಿಂದ 950, ತೂಕ 12-13 ಗ್ರಾಂ.

ಇಲ್ಲೂ ದೊಡ್ಡ ನಂಬರೇ ಒಳ್ಳೆಯದು ಅಂತಿಲ್ಲ. ಎನಿಲೂಪ್ ಅನ್ನುವ ರೀಚಾರ್ಜ್ ಸೆಲ್ಲನ್ನೇ ನೋಡಿ, 2005ರಲ್ಲಿ ಸ್ಯಾನ್ಯೋ ತಂದದ್ದು, ಈಗ ಪ್ಯಾನಸಾನಿಕ್ ಕೈಯಲ್ಲಿದೆ. ಬಿಳಿ ಬಣ್ಣದ್ದು 2000 ಎಂಎಎಚ್, 2100 ಸಲ ಚಾರ್ಜ್ ಮಾಡಬಹುದು ಅಂತ ಕಂಪನಿ ಹೇಳುತ್ತದೆ. ಕಪ್ಪು ಬಣ್ಣದ ಪ್ರೊ 2500, ಅದಕ್ಕೆ ಹೇಳುವುದು 500 ಸಲ. ಒಂದೇ ಕಂಪನಿ, ಒಂದೇ ಅಳತೆ. ಮದುವೆ ಫೋಟೋ ತೆಗೆಯುವವರಿಗೆ ಪ್ರೊ ಸರಿ, ಮನೆಗೆ ಬಿಳಿಯದ್ದೇ. ಚಾರ್ಜ್ ಮಾಡಿ ಡ್ರಾಯರಿನಲ್ಲಿಟ್ಟು ಆರು ತಿಂಗಳು ಬಿಟ್ಟು ತೆಗೆದರೂ ಕೆಲಸ ಮಾಡುತ್ತದೆ. ಹಳೇ ಥರದ 2700, 2800ರ ಸೆಲ್‌ಗಳು ಒಂದೆರಡು ತಿಂಗಳಲ್ಲಿ ಸುಮ್ಮನೆ ಕೂತೇ ಸೊರಗುತ್ತವೆ. ಬೇರೆ ಕಂಪನಿಗಳಲ್ಲೂ ಈ ಗುಣದ ಸೆಲ್ ಇದೆ, ಪೊಟ್ಟಣದ ಮೇಲೆ ಚಾರ್ಜ್ ಮಾಡಿಯೇ ಬರುತ್ತದೆ ಅಂತ ಬರೆದಿರುವುದನ್ನು ಹುಡುಕಿ.

ಈಗ ಯುಎಸ್‌ಬಿ ತೂತಿರುವ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ಲು ಬಂದಿದೆ. ಇದರಲ್ಲಿ ಹೊಸ ಆಟ ಇದೆ. 3600 ಅಂತ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮಿಲಿವ್ಯಾಟ್ ಅವರ್ ಅಂತ ಹಾಕಿರುತ್ತಾರೆ. ನಾವು ಅದನ್ನು ಎಂಎಎಚ್ ಅಂತ ಓದಿಕೊಳ್ಳುತ್ತೇವೆ. 1.5ರಿಂದ ಭಾಗಿಸಿ: 2400 ಎಂಎಎಚ್. ಅದು ಕೆಟ್ಟದ್ದೇನಲ್ಲ. ಬಿಳಿ ಎನಿಲೂಪಿನ 2000 ಅನ್ನು 1.2ರಿಂದ ಗುಣಿಸಿದರೆ 2400 ಮಿಲಿವ್ಯಾಟ್ ಅವರ್, ಅಂದರೆ 3600 ನಿಜವಾಗಿದ್ದರೆ ಇದರಲ್ಲಿ ಅರ್ಧಪಾಲು ಜಾಸ್ತಿಯೇ ಇದೆ. ಆದರೆ 4000 ಮಿಲಿವ್ಯಾಟ್ ಅವರ್ ದಾಟಿದ ಮಾತುಗಳನ್ನು ಅಳೆದು ನೋಡದೆ ನಂಬಬೇಡಿ. ಕೊನೆಯ ತನಕ 1.5 ವೋಲ್ಟ್ ಕೊಟ್ಟು ಒಮ್ಮೆಗೇ ಕೈಕೊಡುತ್ತದೆ ಅನ್ನುವುದೂ ನೆನಪಿರಲಿ, ಮೈಕಿಗೆ ಹಾಕಿದರೆ ಭಾಷಣದ ಮಧ್ಯೆ ಆಗುತ್ತದೆ.

ಪವರ್ ಬ್ಯಾಂಕಿನ ಬಗ್ಗೆ ಇಷ್ಟೇ: 20000 ಅಂತ ಇದ್ದು ಫೋನಿಗೆ 12000-13000 ಸಿಕ್ಕರೆ ಅದು ಮೋಸ ಅಲ್ಲ, ಒಳಗಿನ ಸೆಲ್ಲು 3.7 ವೋಲ್ಟ್, ಹೊರಗೆ ಬರುವುದು 5 ವೋಲ್ಟ್, ಮಧ್ಯೆ ಸ್ವಲ್ಪ ಸೋರುತ್ತದೆ. ಸಣ್ಣ ಅಕ್ಷರದಲ್ಲಿ ಅದನ್ನೂ ಬರೆದಿರುವ ಕಂಪನಿಯದ್ದು ಕೊಳ್ಳಿ. 50000 ಅಂತ ಬರೆದು 200 ಗ್ರಾಂ ತೂಗುವುದು ಮಾತ್ರ ಮೋಸ. 20000ಕ್ಕೆ ಸೆಲ್ಲುಗಳ ತೂಕವೇ 280 ಗ್ರಾಂ ಆಗುತ್ತದೆ.

ಕೊಳ್ಳುವ ಮೊದಲು, ಕೊಂಡ ಮೇಲೆ

ಐದು ಸ್ಟಾರ್ ನೋಡಿ ಮರುಳಾಗಬೇಡಿ. ಸೆಲ್ ಕೈಗೆ ಬಂದ ದಿನವೇ "ಸೂಪರ್, ಚೆನ್ನಾಗಿ ಉರಿಯುತ್ತಿದೆ" ಅಂತ ಬರೆದವರೇ ಜಾಸ್ತಿ. ಒಂದು ಸ್ಟಾರ್, ಎರಡು ಸ್ಟಾರ್ ಕೊಟ್ಟವರು ಬರೆದದ್ದು ಓದಿ, ಅಲ್ಲಿ ಯಾರಾದರೂ ತಕ್ಕಡಿಯ ಫೋಟೋ ಹಾಕಿರುತ್ತಾರೆ. ಮಾರುವವರಿಗೆ "ತೂಕ ಎಷ್ಟು, ಮಾಡೆಲ್ ಯಾವುದು" ಅಂತ ಕೇಳಿ. ಉತ್ತರ ಬರದಿದ್ದರೆ ಅದೇ ಉತ್ತರ.

ಮೈಮೇಲೆ ಅಥವಾ ಪೊಟ್ಟಣದ ಮೇಲೆ ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) ಗುರುತು, ಐಎಸ್ 16046 ಅನ್ನುವ ನಂಬರ್, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು ಅಂತ ಬರುತ್ತದೆ. ಅಲ್ಲಿ ಬರುವ ವಿವರಕ್ಕೂ ನಿಮ್ಮ ಸೆಲ್ಲಿನ ಬ್ರ್ಯಾಂಡಿಗೂ ಸಂಬಂಧವೇ ಇಲ್ಲದಿದ್ದರೆ ಅನುಮಾನ ಪಡಿ. ಇದು ಸುರಕ್ಷತೆಯ ಗುರುತು, ಎಂಎಎಚ್‌ಗೆ ಗ್ಯಾರಂಟಿ ಅಲ್ಲ.

ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿ, ಅದೇ ವಿಡಿಯೋದಲ್ಲಿ ತಕ್ಕಡಿಯ ಮೇಲೂ ಇಡಿ. ನನ್ನ ಹಾಗೆ ಹಬ್ಬದ ತನಕ ಕಾಯಬೇಡಿ. "ಸರಿಯಿಲ್ಲ" ಅಂತ ಬರೆದರೆ ಅದೇ ಥರದ ಇನ್ನೊಂದು ಕಳಿಸುತ್ತಾರೆ, "9900 ಅಂತ ಬರೆದಿದೆ, ಅಳೆದರೆ 780, ತೂಕ 29 ಗ್ರಾಂ, ವಿಡಿಯೋ ಇದೆ, ದುಡ್ಡು ವಾಪಸ್ ಬೇಕು" ಅಂತ ಬರೆದರೆ ಮಾತು ಬೇರೆ ಆಗುತ್ತದೆ. ಆಗಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಅಪ್ಪನ ಟಾರ್ಚಿನಲ್ಲಿ ಈಗ ಪ್ರೊಟೆಕ್ಟೆಡ್ 3500ರ ಸೆಲ್ ಇದೆ. ಅಳೆದಾಗ 3380 ಬಂತು, ಮಾರ್ಕರ್ ಪೆನ್ನಿನಲ್ಲಿ ಅದನ್ನೂ ತಾರೀಖನ್ನೂ ಅದರ ಮೈಮೇಲೆ ಬರೆದಿದ್ದೇನೆ, ಮುಂದಿನ ವರ್ಷ ಮತ್ತೆ ಅಳೆದಾಗ ಎಷ್ಟು ಇಳಿದಿದೆ ಅಂತ ಗೊತ್ತಾಗಲಿ ಅಂತ. ಆ ಎರಡು 9900ಗಳ ತುದಿಗೆ ಟೇಪು ಸುತ್ತಿ ಇ-ವೇಸ್ಟ್ ತೆಗೆದುಕೊಳ್ಳುವ ಕಡೆ ಕೊಟ್ಟೆ. ಈಗ ನಾನು ಊರಿಗೆ ಏನೇ ತಂದರೂ ಅಪ್ಪ ಮೊದಲು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ ನೋಡುತ್ತಾರೆ. ಹೋದ ತಿಂಗಳು ತಂದ ಹೊಸ ಚಪ್ಪಲಿಯನ್ನೂ ಹಾಗೇ ನೋಡಿದರು.